ಸೊಂಟ ಹಿಡಿದುಕೊಂಡರೆ ಮಲಗಬೇಕಾ, ನಡೆಯಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಸೊಂಟ ನೋವಿನವೇ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಜಗತ್ತಿನ ಸುಮಾರು 62 ಕೋಟಿ ಜನರಿಗೆ ಈ ನೋವಿತ್ತು. ಕೆಲಸ ಮಾಡುವವರನ್ನು ಮೂಲೆಗೆ ಕೂರಿಸುವ ತೊಂದರೆಗಳಲ್ಲಿ ಇದಕ್ಕೇ ಮೊದಲ ಜಾಗ. ಪತ್ರಗಳನ್ನೆಲ್ಲ ಓದುವಾಗ ನೋವಿನ ಜೊತೆ ಹೆದರಿಕೆಯೂ ಕಾಣಿಸಿತು. ಬಗ್ಗಿದರೆ ಏನಾಗುತ್ತೋ, ನಡೆದರೆ ಏನಾಗುತ್ತೋ, ರಿಪೋರ್ಟಿನಲ್ಲಿ ಬರೆದಿರುವುದಕ್ಕೆ ಏನರ್ಥವೋ ಅಂತ. ಆ ಹೆದರಿಕೆ ಇರುವ ಪತ್ರಗಳನ್ನೇ ಇಲ್ಲಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಡಾಕ್ಟರೇ, ನನಗೆ 38 ವರ್ಷ. ನಾಲ್ಕು ದಿನದ ಹಿಂದೆ ಬಟ್ಟೆ ಬುಟ್ಟಿ ಎತ್ತಲು ಬಗ್ಗಿದೆ, ಸೊಂಟದಲ್ಲಿ ಕಳಕ್ ಅಂತು, ಅಲ್ಲೇ ಹಿಡಿದುಕೊಂಡಿತು. ಅವತ್ತಿನಿಂದ ಹಾಸಿಗೆ ಬಿಟ್ಟು ಎದ್ದಿಲ್ಲ. ನೋವು ಕಾಲಿಗೆ ಇಳಿದಿಲ್ಲ, ಜೋಮೂ ಇಲ್ಲ. ಮೂರು ವಾರ ಅಲ್ಲಾಡದೆ ಮಲಗಬೇಕು ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ನಿಜವಾಗಲೂ ಅಷ್ಟು ದಿನ ಮಲಗಬೇಕಾ?

ಉತ್ತರ: ಬೇಡ. ಇವತ್ತೇ ಏಳಿ.

ನಿಮ್ಮ ಮನೆಯವರದ್ದು ತಪ್ಪಲ್ಲ. ಒಂದು ಕಾಲದಲ್ಲಿ ಡಾಕ್ಟರುಗಳೇ ಸೊಂಟ ಹಿಡಿದವರನ್ನು ವಾರಗಟ್ಟಲೆ ಮಲಗಿಸುತ್ತಿದ್ದರು. 1986ರಲ್ಲಿ ಅಮೆರಿಕದ ವೈದ್ಯರು ಇದನ್ನೇ ಪರೀಕ್ಷೆಗಿಟ್ಟರು. ಕೆಲವರಿಗೆ ಎರಡು ದಿನ ಮಲಗಲು ಹೇಳಿದರು, ಉಳಿದವರಿಗೆ ಏಳು ದಿನ. ಎರಡೂ ಗುಂಪಿನವರು ಒಂದೇ ಥರ ಗುಣವಾದರು. ಎರಡು ದಿನ ಮಲಗಿದವರು ಕೆಲಸ ತಪ್ಪಿಸಿಕೊಂಡ ದಿನಗಳು ಮಾತ್ರ ಶೇ. 45ರಷ್ಟು ಕಡಿಮೆ. ಆಮೇಲೆ 1995ರಲ್ಲಿ ಫಿನ್ಲೆಂಡಿನಲ್ಲಿ ಇನ್ನೊಂದು ಅಧ್ಯಯನ ಬಂತು. ಅಲ್ಲಿ ಮಲಗಿದವರಿಗಿಂತ, ವ್ಯಾಯಾಮ ಮಾಡಿದವರಿಗಿಂತ, ನೋವು ಬಿಟ್ಟಷ್ಟು ದಿನನಿತ್ಯದ ಕೆಲಸ ಮಾಡಿಕೊಂಡು ಓಡಾಡಿದವರೇ ಬೇಗ ಸುಧಾರಿಸಿದರು.

ಅವತ್ತು ಏನಾಗಿದ್ದಿರಬಹುದು? ಸ್ನಾಯುವಿನಲ್ಲೋ ಕೀಲಿನಲ್ಲೋ ಸಣ್ಣದೊಂದು ಉಳುಕು. ತಕ್ಷಣ ಸುತ್ತಲಿನ ಸ್ನಾಯುಗಳೆಲ್ಲ ಬಿಗಿದುಕೊಂಡವು. ಆ ಜಾಗ ಅಲ್ಲಾಡದಿರಲಿ ಅಂತ ಮೈ ತಾನೇ ಮಾಡಿಕೊಂಡ ಏರ್ಪಾಡು ಅದು. ಕೈಯಲ್ಲಿ ಮುಟ್ಟಿದರೆ ಹಲಗೆ ಮುಟ್ಟಿದಂತೆ ಗಟ್ಟಿಯಾಗಿರುತ್ತದೆ. ಆ ಬಿಗಿತವೇ ಈಗ ಜಾಸ್ತಿ ನೋಯುತ್ತಿರುವುದು. ಮಲಗಿದಷ್ಟೂ ಅದು ಸಡಿಲವಾಗುವುದಿಲ್ಲ, ಇನ್ನಷ್ಟು ಸೆಟೆದುಕೊಳ್ಳುತ್ತದೆ.

ನನಗೂ ಒಂದು ಸಲ ಹೀಗಾಗಿತ್ತು. ಬೆಳಿಗ್ಗೆ ಮುಖ ತೊಳೆಯಲು ಬೇಸಿನ್ ಮೇಲೆ ಬಗ್ಗಿದ್ದೆ, ಅಷ್ಟೆ. ಎರಡೂ ಕೈಯಲ್ಲಿ ಬೇಸಿನ್ನಿನ ಅಂಚು ಹಿಡಿದುಕೊಂಡು, ಗಲ್ಲದಿಂದ ನೀರು ತೊಟ್ಟಿಕ್ಕುತ್ತಿರುವಾಗ, ನೆಟ್ಟಗಾಗುವುದಕ್ಕೇ ಎರಡು ಮೂರು ನಿಮಿಷ ಹಿಡಿಯಿತು. ಇದು ಅಪಾಯವಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು, ಆದರೂ ಕೈಕಾಲು ನಡುಗಿತು. ಹಾಗಾಗಿ ನಿಮಗೆ ಹೆದರಬೇಡಿ ಅಂತ ಸುಮ್ನೆ ಹೇಳಿ ಕೈತೊಳೆದುಕೊಳ್ಳುವುದಿಲ್ಲ. ಏಳುವುದು ಹೇಗೆ ಅಂತ ಹೇಳುತ್ತೇನೆ.

ಅಂಗಾತ ಮಲಗಿದ್ದವರು ನೇರವಾಗಿ ಎದ್ದು ಕೂರಲು ಹೋಗಬೇಡಿ. ಎರಡೂ ಮಂಡಿ ಮಡಚಿ. ಭುಜ, ಸೊಂಟ, ಮಂಡಿ ಮೂರೂ ಒಟ್ಟಿಗೆ ತಿರುಗುವಂತೆ ಪೂರ್ತಿ ಮಗ್ಗುಲಾಗಿ. ಈಗ ಕಾಲುಗಳನ್ನು ಮಂಚದ ಅಂಚಿನಿಂದ ಕೆಳಗೆ ಬಿಡುತ್ತಾ, ಅದೇ ಹೊತ್ತಿಗೆ ಕೆಳಗಿನ ಮೊಣಕೈ ಮತ್ತು ಮೇಲಿನ ಅಂಗೈ ಊರಿ ಮೈಯನ್ನು ಮೇಲಕ್ಕೆ ತಳ್ಳಿ. ಕಾಲಿನ ಭಾರವೇ ನಿಮ್ಮನ್ನು ಅರ್ಧ ಎತ್ತುತ್ತದೆ. ಉಸಿರು ಬಿಗಿ ಹಿಡಿಯಬೇಡಿ, ಬಿಡುತ್ತಾ ಏಳಿ. ಒಂದು ನಿಮಿಷ ಅಂಚಿನಲ್ಲೇ ಕೂತು ಆಮೇಲೆ ನಿಲ್ಲಿ. ಮೊದಲ ದಿನ ಮನೆಯೊಳಗೇ ಗಂಟೆಗೊಮ್ಮೆ ಎರಡು ಮೂರು ನಿಮಿಷ ನಡೆದರೆ ಸಾಕು. ನಡೆಯುವಾಗ ಸ್ವಲ್ಪ ನೋವಾದರೆ ಏನೋ ಹರಿಯಿತು ಅಂದುಕೊಳ್ಳಬೇಡಿ.

ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ ಕಾವು ಕೊಟ್ಟರೆ ಹಿತವಾಗುತ್ತದೆ. ಮಾತ್ರೆ ವಿಷಯಕ್ಕೆ ಬಂದರೆ, ಬರೀ ಪ್ಯಾರಾಸಿಟಮಾಲ್ ಈ ನೋವಿಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. 2014ರಲ್ಲಿ ಆಸ್ಟ್ರೇಲಿಯಾದಲ್ಲಿ 1,600ಕ್ಕೂ ಹೆಚ್ಚು ಜನರ ಮೇಲೆ ಮಾಡಿದ ದೊಡ್ಡ ಪರೀಕ್ಷೆಯಲ್ಲಿ, ಔಷಧಿಯೇ ಇಲ್ಲದ ಹುಸಿ ಮಾತ್ರೆ ತೆಗೆದುಕೊಂಡವರೂ ಇದನ್ನು ತೆಗೆದುಕೊಂಡವರೂ ಸುಮಾರು ಒಂದೇ ಸಮಯದಲ್ಲಿ ಗುಣವಾದರು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದವು ಸ್ವಲ್ಪ ಪರವಾಗಿಲ್ಲ. ಆದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿ ತೊಂದರೆ, ಹೃದಯದ ಕಾಯಿಲೆ ಇದ್ದವರಿಗೆ ಅವು ಅಪಾಯ. ನಿಮ್ಮ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ, ಅದೂ ಕೆಲವೇ ದಿನ.

ಒಂದೆರಡು ವಾರದಲ್ಲಿ ನೋವು ಇಳಿಮುಖವಾಗುತ್ತದೆ. ಆರು ವಾರದೊಳಗೆ ಹೆಚ್ಚಿನವರು ಮೊದಲಿನಂತೆ ಆಗುತ್ತಾರೆ. ಆರು ವಾರ ಕಳೆದೂ ಹಾಗೇ ಇದ್ದರೆ ಹೋಗಿ ತೋರಿಸಿ.

ಪ್ರಶ್ನೆ: ನನಗೆ 44. ಆಗಾಗ ಸೊಂಟ ನೋಯುತ್ತಿತ್ತು ಅಂತ ನಾನೇ ಹೋಗಿ ಎಂಆರ್‌ಐ ಮಾಡಿಸಿದೆ. ಎಲ್4-ಎಲ್5 ಡಿಸ್ಕ್ ಬಲ್ಜ್, ಡಿಸ್ಕ್ ಡೀಜನರೇಷನ್ ಅಂತ ಬಂದಿದೆ. ಇದನ್ನು ಓದಿದ ಮೇಲೆ ನೋವು ಜಾಸ್ತಿಯಾಗಿದೆ. ಬಗ್ಗುವುದನ್ನೇ ಬಿಟ್ಟಿದ್ದೇನೆ. ಡಿಸ್ಕ್ ಪೂರ್ತಿ ಜಾರಿ ಕಾಲು ಬಿದ್ದುಹೋಗುತ್ತದೆಯೇ?

ಉತ್ತರ: ‘ಇದನ್ನು ಓದಿದ ಮೇಲೆ ನೋವು ಜಾಸ್ತಿಯಾಗಿದೆ’ ಅಂತ ಬರೆದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯ ಮಾತು ಅದೇ.

ಡಿಸ್ಕ್ ಅಂದರೆ ಬೆನ್ನಿನ ಎರಡು ಮಣಿಗಳ ನಡುವಿನ ಮೆತ್ತೆ. ಅಂಥ 23 ಮೆತ್ತೆಗಳು ನಮ್ಮ ಬೆನ್ನಲ್ಲಿವೆ. ಎಲ್4-ಎಲ್5 ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಮಣಿಗಳ ನಡುವಿನದು. ಹೊರಗೆ ಪದರ ಪದರವಾಗಿ ಗಟ್ಟಿ ನಾರು, ಒಳಗೆ ಲೋಳೆಯಂಥ ತಿರುಳು. ಇದು ಒದ್ದೆ ಸಾಬೂನಿನ ಹಾಗೆ ಜಾರುವ ವಸ್ತುವೇ ಅಲ್ಲ. ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ಬಿಗಿಯಾಗಿ ಬೆಸೆದುಕೊಂಡಿರುತ್ತದೆ. ‘ಸ್ಲಿಪ್ ಡಿಸ್ಕ್’ ಅನ್ನುವ ಹೆಸರು ಎಷ್ಟು ಜನರನ್ನು ಸುಮ್ನೆ ಹೆದರಿಸಿದೆಯೋ, ನನಗಂತೂ ಆ ಮಾತು ಕೇಳಿದರೆ ಬೇಜಾರು. ಬಲ್ಜ್ ಅಂದರೆ ಮೆತ್ತೆಯ ಅಂಚು ಸ್ವಲ್ಪ ಉಬ್ಬಿದೆ ಅಂತ. ಡೀಜನರೇಷನ್ ಅಂದರೆ ಒಳಗಿನ ನೀರಿನಂಶ ಕಡಿಮೆಯಾಗಿದೆ ಅಂತ. ವಯಸ್ಸಾದ ಹಾಗೆ ತಲೆಗೂದಲು ನೆರೆಯುತ್ತಲ್ಲ, ಅದೇ ಥರ.

ಸೊಂಟ ನೋವೇ ಇಲ್ಲದ 3,000ಕ್ಕೂ ಹೆಚ್ಚು ಜನರ ಸ್ಕ್ಯಾನುಗಳನ್ನು ಒಟ್ಟು ಮಾಡಿ ನೋಡಿದ ಒಂದು ವರದಿ 2015ರಲ್ಲಿ ಬಂತು. ಆರೋಗ್ಯವಾಗಿ ಓಡಾಡಿಕೊಂಡಿದ್ದ 20ರ ಹರೆಯದವರಲ್ಲೇ ಶೇ. 37 ಜನರಿಗೆ ಡೀಜನರೇಷನ್ ಇತ್ತು. 40ರ ವಯಸ್ಸಿನವರಲ್ಲಿ ಶೇ. 68 ಜನರಿಗೆ. ಬಲ್ಜ್ ಇದ್ದದ್ದು 40ರವರಲ್ಲಿ ಅರ್ಧದಷ್ಟು ಜನರಿಗೆ. 80ರವರಲ್ಲಿ ಡೀಜನರೇಷನ್ ಇಲ್ಲದವರು ನೂರಕ್ಕೆ ನಾಲ್ಕೇ ಜನ. ಇವರು ಯಾರಿಗೂ ನೋವಿರಲಿಲ್ಲ, ನೆನಪಿರಲಿ. ನಿಮ್ಮ ವಯಸ್ಸಿನ ಯಾರನ್ನು ಆ ಯಂತ್ರದೊಳಗೆ ಮಲಗಿಸಿದರೂ ನಿಮ್ಮಂಥದೇ ರಿಪೋರ್ಟ್ ಬರುವ ಸಾಧ್ಯತೆ ಸಾಕಷ್ಟಿದೆ.

ಹಾಗಾದರೆ ಸ್ಕ್ಯಾನ್ ಬೇಡವೇ ಬೇಡವಾ? ಬೇಕಾಗುವ ಸಂದರ್ಭಗಳಿವೆ. ಕಾಲಿನ ಬಲ ಕಡಿಮೆಯಾಗುತ್ತಾ ಹೋದಾಗ. ಜ್ವರದ ಜೊತೆ ಸೊಂಟ ನೋವು ಬಂದಾಗ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ. ಬಿದ್ದು ಪೆಟ್ಟಾಗಿದ್ದರೆ. ತುಂಬಾ ದಿನ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ, ಮೂಳೆ ಸವೆದ ವಯಸ್ಸಾದವರಲ್ಲಿ ಸಣ್ಣ ಏಟಿಗೂ ಮಣಿ ಕುಸಿದಿರಬಹುದು. ಬೆನ್ನುಮೂಳೆಗೆ ಕ್ಷಯ ತಗಲುವುದೂ ಉಂಟು. ಮಲಗಿದರೂ ಬಿಡದೆ ರಾತ್ರಿಯಿಡೀ ಒಂದೇ ಸಮನೆ ಕಾಡುವ ನೋವನ್ನು ನಿರ್ಲಕ್ಷಿಸಬೇಡಿ. ಇವು ಯಾವುದೂ ಇಲ್ಲದ ನೋವೇ ನೂರಕ್ಕೆ ತೊಂಬತ್ತರಷ್ಟು.

ನಿಮ್ಮ ಪತ್ರದಲ್ಲಿ ಇದ್ಯಾವುದರ ಮಾತೂ ಇಲ್ಲ, ಕಾಲುನೋವಿನ ಮಾತೂ ಇಲ್ಲ. ರಿಪೋರ್ಟನ್ನು ಮಡಚಿ ಒಳಗಿಡಿ. ಬಗ್ಗುವುದನ್ನು ಮತ್ತೆ ಶುರು ಮಾಡಿ. ಮೊದಲು ಕುರ್ಚಿಯಲ್ಲಿ ಕೂತು ಮಂಡಿಯವರೆಗೆ, ಆಮೇಲೆ ಪಾದದವರೆಗೆ. ಡಿಸ್ಕಿಗೆ ನೇರವಾಗಿ ರಕ್ತ ಹರಿಯುವುದಿಲ್ಲ. ಪಕ್ಕದ ಮೂಳೆಯಿಂದ ನಿಧಾನಕ್ಕೆ ಒಸರಿ ಬರುವುದೇ ಅದಕ್ಕೆ ಆಹಾರ. ಮೈ ಆಡುತ್ತಿದ್ದರೆ ಆ ಕೆಲಸ ಸಲೀಸು.

ಪ್ರಶ್ನೆ: ವಯಸ್ಸು 47, ವಾಹನ ಓಡಿಸುವ ಕೆಲಸ. ಐದು ವಾರದಿಂದ ಬಲಗಡೆ ಪಿರ್ರೆಯಿಂದ ತೊಡೆ, ಮೀನಖಂಡದ ಹೊರಭಾಗ, ಹೆಬ್ಬೆರಳಿನವರೆಗೆ ಕರೆಂಟ್ ಹೊಡೆದ ಹಾಗೆ ಚಳುಕು. ಕೆಮ್ಮಿದರೆ ಪ್ರಾಣ ಹೋಗುತ್ತದೆ. ಡಿಸ್ಕ್ ಹೊರಗೆ ಬಂದು ನರ ಒತ್ತುತ್ತಿದೆ, ಆಪರೇಷನ್ ಮಾಡಿಸಿ ಅಂತ ಒಬ್ಬರು ಹೇಳಿದರು. ಕಾಯಿರಿ ಅಂತ ಇನ್ನೊಬ್ಬರು. ಯಾರ ಮಾತು ಕೇಳಲಿ?

ಉತ್ತರ: ಇದು ಸಯಾಟಿಕಾ. ಡಿಸ್ಕಿನ ತಿರುಳು ನಾರಿನ ಬಿರುಕಿನಿಂದ ಹೊರಬಂದು ನರದ ಬುಡಕ್ಕೆ ತಾಗಿದೆ. ಸಾಮಾನ್ಯವಾಗಿ ಇದು ಆಗುವುದು ಸೊಂಟದ ಕೊನೆಯ ಎರಡು ಡಿಸ್ಕುಗಳಲ್ಲಿ. ನೋವು ಹೆಬ್ಬೆರಳಿನ ಕಡೆಗೆ ಹೋದರೆ ಎಲ್5 ನರ, ಕಿರುಬೆರಳು ಮತ್ತು ಅಂಗಾಲಿನ ಕಡೆಗೆ ಹೋದರೆ ಎಸ್1 ಅಂತ ಅಂದಾಜು ಮಾಡುತ್ತೇವೆ. ನಿಮ್ಮದು ಎಲ್5 ಇದ್ದಂತಿದೆ. ಈ ನೋವಿನಲ್ಲಿ ಕೂತರೂ ಕಷ್ಟ, ನಿಂತರೂ ಕಷ್ಟ. ನೀವು ಅನುಭವಿಸುತ್ತಿರುವುದು ಸಣ್ಣದಲ್ಲ.

ಹಾಗೆ ಹೊರಬಂದ ತಿರುಳನ್ನು ಮೈ ತಾನಾಗಿಯೇ ಕರಗಿಸುತ್ತದೆ. ರಕ್ತದ ಬಿಳಿಕಣಗಳು ಅದನ್ನು ಹೊರಗಿನ ವಸ್ತು ಅಂತ ತಿಳಿದು ಸ್ವಲ್ಪ ಸ್ವಲ್ಪವಾಗಿ ಅರಗಿಸಿಕೊಳ್ಳುತ್ತವೆ. ಆಪರೇಷನ್ ಇಲ್ಲದೆಯೇ ಸುಮಾರು ಮೂರರಲ್ಲಿ ಎರಡು ಪಾಲು ಜನರಲ್ಲಿ ಅದು ಕುಗ್ಗುತ್ತದೆ. ಪೂರ್ತಿ ತುಂಡಾಗಿ ಹೊರಬಂದದ್ದು ಇನ್ನೂ ಚೆನ್ನಾಗಿ ಕರಗುತ್ತದೆ. ಅದಕ್ಕೇ ‘ದೊಡ್ಡದಾಗಿ ಹೊರಬಂದಿದೆ’ ಅನ್ನುವ ಮಾತೊಂದಕ್ಕೇ ಎದೆಗುಂದಬೇಡಿ.

2007ರಲ್ಲಿ ನೆದರ್ಲೆಂಡ್ಸ್‌ನಲ್ಲಿ, 6ರಿಂದ 12 ವಾರ ತೀವ್ರ ಸಯಾಟಿಕಾ ಇದ್ದ 283 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬೇಗ ಆಪರೇಷನ್, ಇನ್ನೊಂದಕ್ಕೆ ಕಾಯುವುದು. ಆಪರೇಷನ್ ಆದವರಿಗೆ ಕಾಲುನೋವು ಬೇಗ ಇಳಿಯಿತು. ಆದರೆ ವರ್ಷ ತುಂಬುವಾಗ ಎರಡೂ ಗುಂಪಿನಲ್ಲಿ ಶೇ. 95 ಜನ ಸುಧಾರಿಸಿದ್ದರು. ಕಾಯುತ್ತಿದ್ದ ಗುಂಪಿನಲ್ಲಿ ಶೇ. 39 ಜನ ನೋವು ತಾಳಲಾರದೆ ಆಮೇಲೆ ಆಪರೇಷನ್ ಮಾಡಿಸಿಕೊಂಡರು ಅನ್ನುವುದನ್ನೂ ಹೇಳಬೇಕು. ಹಾಗಾಗಿ ಆಪರೇಷನ್ ಹೇಳಿದವರೂ ಸುಳ್ಳು ಹೇಳಿಲ್ಲ, ಕಾಯಿರಿ ಅಂದವರೂ ಸುಳ್ಳು ಹೇಳಿಲ್ಲ. ಬಲ ಸರಿಯಾಗಿದ್ದರೆ ನಿರ್ಧಾರ ನಿಮ್ಮದೇ. ನೋವು ತಡೆದುಕೊಳ್ಳುವ ಮಟ್ಟದಲ್ಲಿದ್ದರೆ ಇನ್ನೂ ಕೆಲವು ವಾರ ನೋಡಿ ಅನ್ನುವುದು ನನ್ನ ಅಭಿಪ್ರಾಯ. ಬೆನ್ನಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವರಿಗೆ ಸ್ವಲ್ಪ ಕಾಲ ಕಾಲುನೋವು ತಗ್ಗಿಸುತ್ತದೆ, ಕಾಯುವ ದಿನಗಳನ್ನು ದಾಟಲು ಅದೊಂದು ಆಸರೆ.

ಒಂದು ಪರೀಕ್ಷೆ ದಿನಾ ಮಾಡಿಕೊಳ್ಳಿ. ಗೋಡೆ ಪಕ್ಕ ನಿಂತು ಹಿಮ್ಮಡಿ ಮೇಲೆ ಹತ್ತು ಹೆಜ್ಜೆ, ತುದಿಗಾಲಲ್ಲಿ ಹತ್ತು ಹೆಜ್ಜೆ. ಬಲಪಾದದ ಮುಂಭಾಗ ಎತ್ತಲಾಗದೆ ನೆಲಕ್ಕೆ ಬೀಳುತ್ತಿದ್ದರೆ ಅವತ್ತೇ ಡಾಕ್ಟರ ಬಳಿ ಹೋಗಿ. ನೋವು ಪಾದದಿಂದ ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ, ಹೀಗೆ ಮೇಲಕ್ಕೆ ಸರಿಯುತ್ತಾ ಬಂದು ಸೊಂಟದಲ್ಲೇ ಸ್ವಲ್ಪ ಜಾಸ್ತಿಯಾದರೂ ಗಾಬರಿ ಬೇಡ. ಅದು ವಾಸಿಯಾಗುವ ಲಕ್ಷಣ.

ಈಗ ಹೇಳುವುದನ್ನು ದಯವಿಟ್ಟು ಎಲ್ಲರೂ ಓದಿ. ಸೊಂಟ ನೋವಿನ ಜೊತೆ ಮೂತ್ರ ಕಟ್ಟಿಕೊಂಡರೆ, ಅಥವಾ ಗೊತ್ತಾಗದೆ ಹೋಗಿಬಿಟ್ಟರೆ, ಮಲದ ಹಿಡಿತ ತಪ್ಪಿದರೆ, ಜನನಾಂಗದ ಸುತ್ತ ಮತ್ತು ಕೂತಾಗ ಆಸನಕ್ಕೆ ತಾಗುವ ಜಾಗ ಮರಗಟ್ಟಿದರೆ, ಎರಡೂ ಕಾಲು ಸೋತರೆ, ಬೆಳಗಾಗಲಿ ಅಂತ ಕಾಯಬೇಡಿ. ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಬೆನ್ನುಹುರಿಯ ಕೊನೆಯ ನರಗಳ ಗುಚ್ಛವೇ ಒತ್ತಿಹೋಗಿರುತ್ತದೆ. ಅಲ್ಲಿ ಗಂಟೆಗಳ ಲೆಕ್ಕ. ತಡವಾದರೆ ಮೂತ್ರದ ಹಿಡಿತ ಮತ್ತೆ ಬರದೇ ಹೋಗಬಹುದು. ನಾಚಿಕೆಯಿಂದ ಈ ಲಕ್ಷಣಗಳನ್ನು ಹೇಳದೆ ಮುಚ್ಚಿಟ್ಟುಕೊಂಡವರನ್ನು ನೋಡಿದ್ದೇನೆ, ಆಮೇಲೆ ಅವರು ಪಟ್ಟ ಪಾಡನ್ನೂ ನೋಡಿದ್ದೇನೆ.

ಪ್ರಶ್ನೆ: ಸೊಂಟಕ್ಕೆ ಬೆಲ್ಟ್ ಹಾಕಿಕೊಂಡರೆ ಒಳ್ಳೆಯದಾ? ತೂಕ ಕಟ್ಟಿ ಎಳೆಯುವ ಟ್ರಾಕ್ಷನ್?

ಉತ್ತರ: ಹಳೆಯ ನೋವಿಗೆ ಎರಡೂ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ಹೇಳಿದೆ. ನೋವು ಜೋರಿರುವ ಒಂದೆರಡು ದಿನ ಬೆಲ್ಟಿನಿಂದ ಧೈರ್ಯ ಬರುತ್ತದೆ ಅಂದರೆ ಹಾಕಿಕೊಳ್ಳಿ, ಆಮೇಲೆ ತೆಗೆಯಿರಿ. ನೋವು ಬರದಂತೆ ಅದು ತಡೆಯುವುದಿಲ್ಲ.

ಪ್ರಶ್ನೆ: ಮೆತ್ತನೆ ಹಾಸಿಗೆ ಬಿಟ್ಟು ನೆಲದ ಮೇಲೆ ಮಲಗಿ ಅಂತಾರೆ. ಮಲಗಲಾ?

ಉತ್ತರ: ನಿಮಗೆ ನೆಲದ ಮೇಲೆ ಚೆನ್ನಾಗಿ ನಿದ್ದೆ ಬರುತ್ತದೆ ಅಂದರೆ ಮಲಗಿ, ಅದರಿಂದ ಕೆಡುಕಿಲ್ಲ. ಆದರೆ ಗಟ್ಟಿಯಾದಷ್ಟೂ ಒಳ್ಳೆಯದು ಅನ್ನುವುದು ನಿಜವಲ್ಲ. 2003ರಲ್ಲಿ ಸ್ಪೇನಿನಲ್ಲಿ 313 ಜನರ ಮೇಲೆ ಮಾಡಿದ ಅಧ್ಯಯನದಲ್ಲಿ ತೀರಾ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿ ಹಾಸಿಗೆಯವರಿಗೇ ನೋವು ಕಡಿಮೆಯಾಯಿತು. ಮಗ್ಗುಲಾಗಿ ಮಲಗುವವರು ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳಿ. ಗರ್ಭಿಣಿಯರಿಗೆ ಇದು ತುಂಬಾ ಹಿತ. ಅಂಗಾತ ಮಲಗುವವರು ಮಂಡಿ ಕೆಳಗೆ ಇಟ್ಟುಕೊಳ್ಳಿ.

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ಒಂದು ವರ್ಷದಿಂದ ಸೊಂಟ ನೋವು. ಬೆಳಗಿನ ಜಾವ ನೋವಿಗೆ ಎಚ್ಚರವಾಗುತ್ತದೆ. ಎದ್ದ ಮೇಲೆ ಗಂಟೆಗಟ್ಟಲೆ ಮರದ ಹಾಗೆ ಸೆಟೆದಿರುತ್ತಾನೆ. ಓಡಾಡಿದರೆ ಸರಿಹೋಗುತ್ತದೆ, ಕೂತರೆ ಮತ್ತೆ ಶುರು. ವಿಶ್ರಾಂತಿ ತಗೋ ಅಂತ ಎಲ್ಲರೂ ಬೈಯುತ್ತಿದ್ದೇವೆ.

ಉತ್ತರ: ಬೈಯಬೇಡಿ. ಅವನನ್ನು ಈ ತಿಂಗಳೇ ಸಂಧಿವಾತದ ತಜ್ಞರಿಗೆ ತೋರಿಸಿ. ಸಾಮಾನ್ಯ ಸೊಂಟ ನೋವು ಕೆಲಸದಿಂದ ಜಾಸ್ತಿಯಾಗಿ ವಿಶ್ರಾಂತಿಯಿಂದ ಕಡಿಮೆಯಾಗುತ್ತದೆ. ನಿಮ್ಮ ತಮ್ಮನದು ಉಲ್ಟಾ. ಎಳೆ ವಯಸ್ಸು, ಮೂರು ತಿಂಗಳಿಗಿಂತ ಹಳೆಯ ನೋವು, ಅರ್ಧ ಗಂಟೆಗಿಂತ ಜಾಸ್ತಿ ಬೆಳಗಿನ ಬಿಗಿತ, ಓಡಾಡಿದರೆ ಆರಾಮ. ಇಷ್ಟೂ ಸೇರಿದರೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಅನ್ನುವ ಉರಿಯೂತದ ಕಾಯಿಲೆಯ ಅನುಮಾನ ಬರುತ್ತದೆ. ಬಿಟ್ಟರೆ ವರ್ಷಗಳು ಕಳೆದಂತೆ ಬೆನ್ನಿನ ಮಣಿಗಳು ಒಂದಕ್ಕೊಂದು ಬೆಸೆದುಕೊಳ್ಳಬಹುದು. ಎಚ್‌ಎಲ್‌ಎ-ಬಿ27 ರಕ್ತ ಪರೀಕ್ಷೆ, ಸೊಂಟದ ಕೆಳಗಿನ ಕೀಲುಗಳ ಎಕ್ಸ್‌ರೇ ಅಥವಾ ಎಂಆರ್‌ಐ ಮಾಡಿಸುತ್ತಾರೆ. ಒಳ್ಳೆಯ ಔಷಧಿಗಳಿವೆ. ಕಣ್ಣು ಕೆಂಪಾಗಿ ನೋಯುವುದು ಇದೆಯಾ ಅಂತಲೂ ಕೇಳಿ, ಇದ್ದರೆ ಡಾಕ್ಟರಿಗೆ ಹೇಳಿ.

ಪ್ರಶ್ನೆ: ಅಪ್ಪನಿಗೆ 71. ನೂರು ಹೆಜ್ಜೆ ನಡೆದರೆ ಎರಡೂ ಕಾಲು ಭಾರವಾಗಿ ಜೋಮು ಬರುತ್ತದೆ. ಕೂತರೆ ಎರಡು ನಿಮಿಷದಲ್ಲಿ ಸರಿ. ತಳ್ಳುಗಾಡಿ ಹಿಡಿದು ಬಗ್ಗಿ ನಡೆದರೆ ಎಷ್ಟು ದೂರ ಬೇಕಾದರೂ ಹೋಗುತ್ತಾರೆ. ಸೋಮಾರಿತನವಾ?

ಉತ್ತರ: ಖಂಡಿತ ಅಲ್ಲ. ವಯಸ್ಸಾದಂತೆ ಬೆನ್ನುಮೂಳೆಯೊಳಗೆ ನರಗಳು ಹಾದುಹೋಗುವ ಕೊಳವೆ ಕಿರಿದಾಗುತ್ತದೆ. ನೆಟ್ಟಗೆ ನಿಂತಾಗ ಅದು ಇನ್ನಷ್ಟು ಇಕ್ಕಟ್ಟು, ಮುಂದಕ್ಕೆ ಬಗ್ಗಿದಾಗ ಸಡಿಲ. ಅದಕ್ಕೇ ಬಗ್ಗಿ ನಡೆದರೆ ಅವರಿಗೆ ಆರಾಮ. ಒಂದೇ ಕಡೆ ನಿಲ್ಲುವ ಸೈಕಲ್ ತುಳಿಯುವುದು ಅವರಿಗೆ ಒಳ್ಳೆಯ ವ್ಯಾಯಾಮ. ಕಾಲಿನ ರಕ್ತನಾಳ ಕಟ್ಟಿದರೂ ಹೆಚ್ಚುಕಡಿಮೆ ಹೀಗೇ ಆಗುತ್ತದೆ, ಪಾದದ ನಾಡಿ ಒಮ್ಮೆ ನೋಡಿಸಿ. ನಡೆಯುವ ದೂರ ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತಿದ್ದರೆ ಆಪರೇಷನ್ನಿನ ಮಾತಾಡಬಹುದು.

ಪ್ರಶ್ನೆ: ನನಗೆ 41. ಐದು ವರ್ಷದಿಂದ ಸೊಂಟ ನೋವು. ಎಲ್ಲಾ ರಿಪೋರ್ಟೂ ನಾರ್ಮಲ್. ‘ನಿನಗೇನಾಗಿದೆ, ಸುಮ್ನೆ ನಾಟಕ’ ಅಂತಾರೆ ಮನೆಯಲ್ಲಿ. ಒಮ್ಮೊಮ್ಮೆ ನನಗೇ ಅನುಮಾನ ಬರುತ್ತದೆ. ಹೆಸರು ಬೇಡ.

ಉತ್ತರ: ನಿಮ್ಮ ನೋವು ನಿಜ. ಇದನ್ನು ನಿಮ್ಮ ಮನೆಯವರೂ ಓದಲಿ ಅಂತಲೇ ಬರೆಯುತ್ತಿದ್ದೇನೆ.

ಮೂರು ತಿಂಗಳು ದಾಟಿದ ನೋವಿನ ಸ್ವಭಾವವೇ ಬೇರೆ. ಹುಲ್ಲಿನ ಬಯಲಲ್ಲಿ ದಿನಾ ಒಂದೇ ಕಡೆ ನಡೆದರೆ ಕಾಲುದಾರಿ ಬೀಳುತ್ತಲ್ಲ, ಹಾಗೆ ನೋವಿನ ಸುದ್ದಿ ಓಡಾಡಿ ಓಡಾಡಿ ನರಗಳಲ್ಲಿ ದಾರಿ ಸಲೀಸಾಗಿಬಿಡುತ್ತದೆ. ಮೊದಲಾದ ಗಾಯ ಯಾವತ್ತೋ ವಾಸಿಯಾಗಿರುತ್ತದೆ, ಆದರೆ ಸಣ್ಣದೊಂದು ತಿರುವಿಗೂ ಮಿದುಳು ‘ಅಪಾಯ’ ಅಂತ ಕೂಗುತ್ತದೆ. ಸ್ಕ್ಯಾನಿನಲ್ಲಿ ಇದು ಕಾಣಿಸುವುದಿಲ್ಲ. ನಿದ್ದೆಗೆಟ್ಟರೆ, ಚಿಂತೆ ಹೆಚ್ಚಿದರೆ, ಯಾರೂ ನಂಬುವುದಿಲ್ಲ ಅನ್ನುವ ಸಂಕಟ ಸೇರಿದರೆ ಆ ಕೂಗು ಇನ್ನೂ ಜೋರು. ‘ನಾಟಕ’ ಅಂದವರು ನಿಮ್ಮ ನೋವನ್ನು ನಿಜವಾಗಿ ಹೆಚ್ಚಿಸಿದ್ದಾರೆ.

ಈ ದಾರಿಯಲ್ಲಿ ಮತ್ತೆ ಹುಲ್ಲು ಬೆಳೆಯಬೇಕಾದರೆ ಸಮಯ ಬೇಕು. ನಿಮ್ಮ ಪತ್ರದ ಎರಡನೇ ಪುಟದಲ್ಲಿ ಬರೆದಿದ್ದೀರಿ, ಚೆನ್ನಾಗಿರುವ ದಿನ ಬಾಕಿ ಕೆಲಸವನ್ನೆಲ್ಲ ಒಟ್ಟಿಗೆ ಮುಗಿಸುತ್ತೇನೆ, ಆಮೇಲೆ ಮೂರು ದಿನ ಮಲಗುತ್ತೇನೆ ಅಂತ. ಅದನ್ನೇ ಮೊದಲು ಬದಲಿಸೋಣ. ಇನ್ನು ಮೇಲೆ ನೋವನ್ನು ನೋಡಿ ಕೆಲಸ ನಿಲ್ಲಿಸಬೇಡಿ, ಗಡಿಯಾರ ನೋಡಿ ನಿಲ್ಲಿಸಿ. ಹತ್ತು ನಿಮಿಷ ನಿಂತರೆ ನೋವು ಏರುತ್ತದೆ ಅಂದರೆ ಎಂಟನೇ ನಿಮಿಷಕ್ಕೆ ಕೂತುಬಿಡಿ, ಎಷ್ಟೇ ಚೆನ್ನಾಗಿದ್ದರೂ. ಕೆಟ್ಟ ದಿನವೂ ಅದೇ ಎಂಟು ನಿಮಿಷ. ಮುಂದಿನ ವಾರ ಒಂಬತ್ತು. ನಡಿಗೆಗೂ ಇದೇ ಲೆಕ್ಕ. ನಿಧಾನ ಅನಿಸುತ್ತದೆ, ಆದರೆ ಮೈಗೆ ಮತ್ತೆ ನಂಬಿಕೆ ಬರುವುದು ಹೀಗೇ.

ಹಳೆಯ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಚಿಕಿತ್ಸೆಯಲ್ಲಿ ವ್ಯಾಯಾಮದ ಜೊತೆ, ನೋವಿನ ಬಗ್ಗೆ ತಿಳಿವಳಿಕೆ ಕೊಡುವುದು ಮತ್ತು ಮನಶ್ಶಾಸ್ತ್ರದ ಚಿಕಿತ್ಸೆಯೂ ಇದೆ. ಅದಕ್ಕೆ ಕಳಿಸಿದರೆ ‘ನನಗೆ ತಲೆ ಕೆಟ್ಟಿದೆ ಅಂತಾರೆ’ ಅಂದುಕೊಳ್ಳಬೇಡಿ. ನೋವು ಹುಟ್ಟುವುದು ಎಲ್ಲೇ ಆದರೂ ನಮಗೆ ಗೊತ್ತಾಗುವುದು ಮಿದುಳಿನಲ್ಲೇ ಅಲ್ವಾ. ಮಾರ್ಫಿನ್ ಜಾತಿಯ ನೋವಿನ ಮಾತ್ರೆಗಳನ್ನು ಮಾತ್ರ ಈ ನೋವಿಗೆ ಹಚ್ಚಿಕೊಳ್ಳಬೇಡಿ. ಬಿಡುವುದು ಕಷ್ಟ, ಉಪಯೋಗವೂ ಇಲ್ಲ. ಮೂರು ತಿಂಗಳು ಬಿಟ್ಟು ನನಗೆ ಮತ್ತೆ ಬರೆಯಿರಿ, ಎಷ್ಟು ನಿಮಿಷಕ್ಕೆ ಬಂದಿದ್ದೀರಿ ಅಂತ.

ಪ್ರಶ್ನೆ: ದಿನಕ್ಕೆ ಒಂಬತ್ತು ಗಂಟೆ ಕಂಪ್ಯೂಟರ್ ಮುಂದೆ ಕೂರುತ್ತೇನೆ. ಹೋದ ತಿಂಗಳು ಸೊಂಟ ಹಿಡಿದು ಈಗ ಸರಿಯಾಗಿದೆ. ಮತ್ತೆ ಬರಬಾರದು. ಯಾವ ಕುರ್ಚಿ ತಗೊಳ್ಳಲಿ? ಯಾವ ಆಸನ ಮಾಡಲಿ?

ಉತ್ತರ: ಕುರ್ಚಿಗಿಂತ ಮೊದಲು ಚಪ್ಪಲಿ ಹಾಕಿಕೊಂಡು ನಡೆಯಲು ಹೊರಡಿ. ಒಮ್ಮೆ ಬಂದ ಸೊಂಟ ನೋವು ಮತ್ತೆ ಬರುವುದು ತೀರಾ ಸಾಮಾನ್ಯ. ಆಸ್ಟ್ರೇಲಿಯಾದಲ್ಲಿ ನಿಮ್ಮಂತೆಯೇ ಆಗಷ್ಟೇ ಗುಣವಾದ 701 ಜನರನ್ನು ತೆಗೆದುಕೊಂಡು, ಅರ್ಧದಷ್ಟು ಜನರಿಗೆ ಫಿಸಿಯೋಥೆರಪಿಸ್ಟ್ ಸಲಹೆಯ ಜೊತೆ ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷದವರೆಗೆ ಮೆಲ್ಲಮೆಲ್ಲಗೆ ನಡಿಗೆ ಏರಿಸುವಂತೆ ಹೇಳಿದರು. 2024ರಲ್ಲಿ ಫಲಿತಾಂಶ ಬಂತು. ಏನೂ ಮಾಡದವರಿಗೆ ನೋವು ಮರಳಲು ಸರಾಸರಿ 112 ದಿನ ಹಿಡಿದರೆ, ನಡೆದವರಿಗೆ 208 ದಿನ.

ಕುರ್ಚಿ ಯಾವುದಾದರೂ ಆಗಲಿ, ಪಾದ ನೆಲಕ್ಕೆ ಊರುವಂತಿರಲಿ, ಸೊಂಟದ ಹಿಂದೆ ಒರಗಲು ಏನಾದರೂ ಇರಲಿ. ನೆಟ್ಟಗೇ ಕೂರಬೇಕು ಅಂತ ಮೈ ಬಿಗಿ ಹಿಡಿಯುವುದು ಬೇಡ. ಒರಗಿ, ಮುಂದೆ ಬನ್ನಿ, ಪಕ್ಕಕ್ಕೆ ವಾಲಿ. ಅರ್ಧ ಗಂಟೆಗೊಮ್ಮೆ ಎದ್ದುಬಿಡಿ. ಫೋನ್ ಬಂದರೆ ನಿಂತು ಮಾತಾಡಿ.

ಆಸನಗಳಲ್ಲಿ ಮಾರ್ಜಾಲಾಸನ, ಸೇತುಬಂಧಾಸನ, ಶಲಭಾಸನ ಒಳ್ಳೆಯವು. ನನಗೆ ಇಷ್ಟವಾದ ಇನ್ನೊಂದು ವ್ಯಾಯಾಮ ಹೇಳುತ್ತೇನೆ. ಅಂಗೈ ಮತ್ತು ಮಂಡಿ ಊರಿ ನಾಲ್ಕು ಕಾಲಿನ ಪ್ರಾಣಿಯಂತೆ ನಿಲ್ಲಿ. ಬೆನ್ನ ಮೇಲೆ ತುಂಬಿದ ನೀರಿನ ಲೋಟ ಇದೆ ಅಂದುಕೊಳ್ಳಿ. ಬಲಗೈಯನ್ನು ಮುಂದಕ್ಕೆ, ಎಡಗಾಲನ್ನು ಹಿಂದಕ್ಕೆ ಒಟ್ಟಿಗೆ ಚಾಚಿ. ಎಂಟು ಹತ್ತು ಸೆಕೆಂಡ್ ಹಿಡಿದು, ಆ ನೀರು ಚೆಲ್ಲದ ಹಾಗೆ ಇಳಿಸಿ. ಆಮೇಲೆ ಇನ್ನೊಂದು ಕಡೆ. ಐದೈದು ಸಲ ಸಾಕು. ಮೊದಲ ವಾರ ಎಲ್ಲರೂ ಅಲ್ಲಾಡುತ್ತಾರೆ, ಎರಡನೇ ವಾರಕ್ಕೆ ನಿಲ್ಲುತ್ತದೆ. ಆದರೆ ಎದ್ದ ತಕ್ಷಣ ಮಾಡಬೇಡಿ. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬಿರುತ್ತವೆ. ಬೆಳಿಗ್ಗೆ ನಾವು ಒಂದು ಸೆಂಟಿಮೀಟರಿಗೂ ಹೆಚ್ಚು ಎತ್ತರ ಇರುವುದು ಇದರಿಂದಲೇ. ಎದ್ದು ಒಂದು ಗಂಟೆಯಾದರೂ ಕಳೆಯಲಿ. ಭಾರ ಎತ್ತುವುದಕ್ಕೂ ಇದೇ ಮಾತು.

ಸಿಗರೇಟ್ ಸೇದುತ್ತೀರಾ ಅಂತ ಬರೆದಿಲ್ಲ. ಸೇದುತ್ತಿದ್ದರೆ ಬಿಡಿ. ಸೇದುವವರಲ್ಲಿ ಸೊಂಟ ನೋವು ಜಾಸ್ತಿ.

ಪ್ರಶ್ನೆ: ನನಗೆ 62. ಎಂಟು ತಿಂಗಳ ಹಿಂದೆ ಸೊಂಟ ನೋವು ಬಂದಿತ್ತು. ಇನ್ನು ಜೀವನದಲ್ಲಿ ಭಾರ ಎತ್ತಬಾರದು ಅಂದರು. ಈಗ ನೋವಿಲ್ಲ. ಮೊಮ್ಮಗಳಿಗೆ ಎರಡು ವರ್ಷ, ಎತ್ತಿಕೋ ಅಂತ ಕೈ ಚಾಚುತ್ತಾಳೆ. ನಾನು ಹಿಂದೆ ಸರಿಯುತ್ತೇನೆ. ಎತ್ತಿಕೊಳ್ಳಬಹುದಾ?

ಉತ್ತರ: ಎತ್ತಿಕೊಳ್ಳಬಹುದಮ್ಮಾ. ಜೀವನಪೂರ್ತಿ ಭಾರ ಎತ್ತಬಾರದು ಅನ್ನುವ ಮಾತು ನಿಮ್ಮಂಥವರಿಗೆ ಬೇಕಾಗಿರಲಿಲ್ಲ. ಮೂಳೆ ಸವೆತದ ಪರೀಕ್ಷೆ ಒಮ್ಮೆ ಮಾಡಿಸಿಬಿಡಿ, ನಿಮ್ಮ ವಯಸ್ಸಿಗೆ ಅದು ಹೇಗೂ ಬೇಕು. ಅದು ಸರಿಯಿದ್ದರೆ ಇವತ್ತಿನಿಂದಲೇ ಅಭ್ಯಾಸ ಶುರು ಮಾಡಿ. ಒಂದು ಚೀಲದಲ್ಲಿ ಎರಡು ಕೆ.ಜಿ. ತೂಕ ಹಾಕಿ ಕುರ್ಚಿ ಮೇಲಿಂದ ದಿನಾ ಹತ್ತು ಸಲ ಎತ್ತಿ ಇಳಿಸಿ. ವಾರಕ್ಕೊಮ್ಮೆ ಒಂದು ಕೆ.ಜಿ. ಸೇರಿಸಿ. ಮಗುವಿನ ತೂಕಕ್ಕೆ ಬರುವ ಹೊತ್ತಿಗೆ ಎರಡು ಎರಡೂವರೆ ತಿಂಗಳು ಹಿಡಿಯಬಹುದು.

ಅಲ್ಲಿಯವರೆಗೆ ಅವಳು ಕೈ ಚಾಚಿದಾಗ ಹಿಂದೆ ಸರಿಯಬೇಡಿ. ಕುರ್ಚಿಯಲ್ಲಿ ಕೂತುಕೊಳ್ಳಿ, ಅವಳೇ ನಿಮ್ಮ ತೊಡೆ ಮೇಲೆ ಹತ್ತಲಿ. ಆಮೇಲೆ ನಿಂತು ಎತ್ತುವ ದಿನ ಬಂದಾಗ ಅವಳನ್ನು ಮೊದಲು ಮಂಚದ ಮೇಲೋ ಸೋಫಾ ಮೇಲೋ ನಿಲ್ಲಿಸಿ. ಹತ್ತಿರ ಹೋಗಿ, ಎದೆಗೆ ಒತ್ತಿ ಹಿಡಿದು, ಕಾಲಿನ ಬಲದಲ್ಲಿ ಎತ್ತಿ. ಪಕ್ಕಕ್ಕೆ ತಿರುಗಬೇಕಾದರೆ ಸೊಂಟ ತಿರುಚದೆ ಪಾದ ತಿರುಗಿಸಿ. ಇಳಿಸುವಾಗಲೂ ಮಂಚದ ಮೇಲೇ ಇಳಿಸಿ, ಅಲ್ಲಿಂದ ಅವಳೇ ಇಳಿದು ಓಡುತ್ತಾಳೆ.